ಇಪ್ಪತ್ತೆರಡನೆಯ ಪುಸ್ತಕ

ಕಟ್ಟೆಮಳಲವಾಡಿ
26-3-2025

ಮಗಳು ರೂಪಶ್ರೀಗೆ ಅಪ್ಪನ ಆಶೀರ್ವಾದ.

ಪಿರಿಯಾಪಟ್ಟಣದಿಂದ ನೀನು ವಾರಕ್ಕೆರಡು ಸಲ ಫೋನ್ ಮಾಡುತ್ತೀಯ, ನಾನು "ಊಟ ಆಯ್ತು, ಮಳೆ ಇಲ್ಲ" ಎಂದು ಇಟ್ಟುಬಿಡುತ್ತೇನೆ. ಕಾಗದ ಬರೆಯುತ್ತೇನೆಂದು ಹೇಳಿಯೇ ತಿಂಗಳಾಯಿತು. 'ದಿ ಡಿಲೇ ಈಸ್ ರಿಗ್ರೆಟೆಡ್' ಎಂದು ಪಿಯುಸಿಯಲ್ಲಿ ಕಲಿಸಿದ್ದರು; ಅದರ ಮುಂದಿನದು ಮರೆತಿದೆ. ಹಸು ಹೆಣ್ಣುಗರು ಹಾಕಿದೆ. ನಿನ್ನ ಮಗಳ ಕೆಮ್ಮು ಹೇಗಿದೆ?

ಹೋದ ಯುಗಾದಿಗೆ ನಿನ್ನಮ್ಮ "ಬರೋ ಯುಗಾದಿ ಒಳಗೆ ನಲವತ್ತು ಪುಸ್ತಕ ಓದ್ತೀನಿ" ಎಂದು ಹಠ ಹಿಡಿದದ್ದು, ನೀನು ಕೊಟ್ಟ ನೋಟ್‌ಬುಕ್ಕಿನಲ್ಲಿ ಹೆಸರು ಬರೆಯುತ್ತ ಹೋದದ್ದು ನಿನಗೆ ಗೊತ್ತೇ ಇದೆ. ಹೊಗೆಸೊಪ್ಪು ಕಟ್ಟುವ ದಾರದ ತುಂಡನ್ನು ಪುಟದ ಗುರುತಿಗೆ ಇಡುತ್ತಿದ್ದಳು. ಓದಿ ಮುಗಿದರೆ ದಾರಕ್ಕೊಂದು ಗಂಟು ಹಾಕಿ ಕೊನೆಯ ಪುಟದಲ್ಲಿ ಬಿಡುವಳು. ಶೆಡ್ಡಿನಲ್ಲಿ ಸೊಪ್ಪು ಕಟ್ಟುವಾಗ ನನ್ನ ಕೈಲಿ ಗಟ್ಟಿಯಾಗಿ ಓದಿಸುವಳು. ಉಸಿರಿಗೆ ನಿಂತರೂ "ಆಮ್ಯಾಕೆ? ಮುಂದಕ್ಕೇನಾತು?" ಎನ್ನುವಳು. ಕೂಲಿಗೆ ಬರುತ್ತಿದ್ದ ಚಿಕ್ಕಬೀರಮ್ಮ, "ಸುನಂದಕ್ಕ, ಯಜಮಾನ್ರಿಗೆ ನೀರಾರ ಕೊಡು, ರೇಡಿಯೋ ನಿಂತೋದಾತು" ಎಂದು ರೇಗಿಸುವಳು.

ಇಪ್ಪತ್ತೆರಡು ಪುಸ್ತಕಕ್ಕೇ ಅವಳು ಹೋಗಿಬಿಟ್ಟಳು. ಉಳಿದ ಹದಿನೆಂಟನ್ನು ನಾನು ಓದಿದೆ, ನಿನ್ನೆ ಮುಗಿಯಿತು. 'ಟಾರ್ಗೆಟ್ ಅಚೀವ್ಡ್' ಎಂದು ಬರೆಯಲು ಕೈ ಏಳಲಿಲ್ಲ. ಪ್ರತಿ ಅಧ್ಯಾಯ ಮುಗಿದಾಗಲೂ, ಹಾಡಹಗಲಲ್ಲೇ, ಬೆನ್ನ ಹಿಂದೆ "ಆಮ್ಯಾಕೆ?" ಕೇಳಿಸುತ್ತದೆ. ತಿರುಗಿದರೆ ಅವಳು ಕೂರುತ್ತಿದ್ದ ಗೋಣಿಚೀಲ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ ನಡುವೆ ತಗ್ಗು.

ಆ ಇಪ್ಪತ್ತೆರಡರಲ್ಲಿ ಕೊನೆಯದು ಸುಳ್ಳು. ಗಂಡನನ್ನು ಬಿಟ್ಟು ಹೊಳೆ ದಾಟಿದ ಹೆಂಗಸೊಬ್ಬಳ ಕಾದಂಬರಿ. ನಿನ್ನಮ್ಮ ಹಾಸಿಗೆ ಹಿಡಿದಿದ್ದಳು. "ಪುಸ್ತಕ ಹಿಡಿಯಾಕೆ ಕೈಲಾಗಲ್ಲ, ಕೊನೇ ಅಧ್ಯಾಯ ನೀವೇ ಓದ್ರೀ" ಎಂದು ಪುಟದ ನಂಬರನ್ನೂ ಹೇಳಿದಳು. ಬ್ಯಾರನ್ನಿನ ಬಿಸಿಯಲ್ಲಿ ಬೇಯುತ್ತಿದ್ದ ಹೊಗೆಸೊಪ್ಪು ಹಳದಿಗೆ ತಿರುಗಿತ್ತು. ಉರಿ ಏರಿಸದಿದ್ದರೆ ಕಪ್ಪಾಗುತ್ತಿತ್ತು. ಎರಡು ಪುಟ ಓದಿ ಮುಚ್ಚಿದೆ. "ಅವಳು ವಾಪಸ್ ಬಂದ್ಲು, ಗಂಡ ಬಾಗ್ಲು ತೆಗ್ದ, ಮುಗೀತು" ಎಂದು ನಾನೇ ಕಟ್ಟಿ ಹೇಳಿದೆ. ಅವಳು "ಆಮ್ಯಾಕೆ" ಎನ್ನಲಿಲ್ಲ. "ಸರಿ, ಬರ್ಕಳಿ" ಎಂದಳು. ನೋಟ್‌ಬುಕ್ಕಿನಲ್ಲಿ ಬರೆದೆ. ಮಾರನೇ ಬೆಳಿಗ್ಗೆ ಅವಳಿರಲಿಲ್ಲ. ಆ ಪುಸ್ತಕವನ್ನು ನಾನು ಮತ್ತೆ ತೆರೆದಿಲ್ಲ.

ನಿನ್ನೆ ಗ್ರಂಥಾಲಯದ ಭಾಗ್ಯಮ್ಮ, "ಅಕ್ಕ ತಕಂಡೋದ ಪುಸ್ತಕಕ್ಕೆ ಆರು ತಿಂಗಳಾತು ಕಣ್ರೀ. ಜಪ್ತಿ ಮಾಡಾಕೆ ಬರ್ಲಾ?" ಎಂದು ನಗುತ್ತಲೇ ಕೇಳಿದಳು. ಕೊಡುವ ಮುಂಚೆ ಆ ಅಧ್ಯಾಯವನ್ನು ಗೋಣಿಚೀಲದ ಎದುರು ಕೂತು ಪೂರ್ತಿ ಓದುತ್ತೇನೆ. ಆಗಲಾದರೂ ನಲವತ್ತು ನಿಜವಾದೀತು, ಆ ದನಿಯೂ ಸುಮ್ಮನಾದೀತು.

ಭಾನುವಾರ ಹಬ್ಬಕ್ಕೆ ಎಲ್ಲರೂ ಬನ್ನಿ. ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ ಅಪ್ಪ,
ಚಲುವಯ್ಯ

ಪಿ.ಎಸ್. ಲಕೋಟೆ ಅಂಟಿಸುವ ಮುಂಚೆ ಆ ಅಧ್ಯಾಯ ಓದಿದೆ. ಹೊಳೆ ದಾಟಿದವಳು ತಿರುಗಿ ಬರುವುದಿಲ್ಲ. ಕೊನೆಯ ಪುಟದಲ್ಲಿ ದಾರವಿತ್ತು, ಗಂಟು ಹಾಕಿದ ದಾರ. ನಿನ್ನಮ್ಮ ಮೊದಲೇ ಓದಿ ಮುಗಿಸಿ, ಆಮೇಲೆ ನನಗೆ ಓದಿ ಎಂದಿದ್ದಳು. ನಾನು ಸುಳ್ಳು ಹೇಳುವಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು ಕಣವ್ವ. ಇವತ್ತು ಕೊನೆಯ ಸಾಲು ಓದಿ ಬಹಳ ಹೊತ್ತು ಕಾದೆ. ಹಿಂದಿನಿಂದ ಯಾರೂ ಏನೂ ಕೇಳಲಿಲ್ಲ.