ಕೈ ಎತ್ತದವರು

ಹಾಲ್‌ಸ್ಟೆಡ್ ಬೀದಿ, ಶಿಕಾಗೊ
೧೯೧೮, ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಡೆಲಿಯಾ,

ಹೇಗಿದ್ದೀಯೆ ಮಗಳೇ? ಕೆಮ್ಮು ನಿಂತಿತೇ? ಕಂಬಳಿ ಕೊಟ್ಟಿದ್ದಾರೆಯೇ? ಪ್ರತಿ ಕಾಗದದಲ್ಲೂ ‘ಚೆನ್ನಾಗಿದ್ದೇನೆ’ ಎಂದಷ್ಟೇ ಬರೆಯುತ್ತೀಯೆ. ಬೀದಿದೀಪದ ಮೇಲೆ ಮೂರು ಪುಟ ಬರೆಯುವವಳಿಗೆ ತನ್ನ ಬಗ್ಗೆ ಒಂದೇ ಪದ ಸಿಗುತ್ತದೆಂದರೆ ನಾನು ನಂಬುವುದು ಹೇಗೆ? ಈ ಕಾಗದವನ್ನು ನಿನಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ಹೋದ ಸಲ ನನ್ನ ಸೋಡಾ ಬ್ರೆಡ್ಡಿನ ವಿಷಯಕ್ಕೆ ಅವರು ಮಸಿ ಬಳಿದರಂತೆ. ಅದರಲ್ಲಿ ಒಣದ್ರಾಕ್ಷಿ ಬಿಟ್ಟರೆ ಬೇರೇನೂ ಇಲ್ಲವೆಂದು ಅವರಿಗೆ ತಿಳಿದಿರಲಿ.

ನಿನ್ನನ್ನು ಹಿಡಿದುಕೊಂಡು ಹೋದ ವಾರವೇ ಕಚೇರಿಯ ಮಾಲೀಕ ನಿನ್ನ ಕವಿತೆಯ ಪತ್ರಿಕೆಯನ್ನು ಬೀದಿಗೆ ಹಾಕಿದನಲ್ಲ, ಅಂದಿನಿಂದ ಅದು ನನ್ನ ಅಡುಗೆಮನೆಯಲ್ಲೇ ಸಂಸಾರ ಹೂಡಿದೆ. ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಅಚ್ಚುಮೊಳೆ, ಆಲೂಗಡ್ಡೆ ಬುಟ್ಟಿಯಲ್ಲಿ ಕವಿತೆಗಳು. ಮೊದಮೊದಲು ರೇಗುತ್ತಿತ್ತು, ಈಗ ಕುತೂಹಲ ಹತ್ತಿಕೊಂಡಿದೆ. ಪ್ರಾಸವಿಲ್ಲದ ಸಾಲಿಗೆ ತಾನು ಎಲ್ಲಿ ನಿಲ್ಲಬೇಕೆಂದು ಹೇಗೆ ಗೊತ್ತಾಗುತ್ತದೆ? ನಿನ್ನನ್ನು ಹೆತ್ತವಳು ಇದನ್ನು ಇಷ್ಟು ತಡವಾಗಿ ಕೇಳುತ್ತಿದ್ದೇನೆ, ನಗಬೇಡ. ಚಿಕ್ಕವಳಿದ್ದಾಗ ನೀನು, ನಾನು ಕೂಲಿಗೆ ಒಗೆದ ಬಟ್ಟೆಗಳ ಹೆಸರುಚೀಟಿಗಳ ಮೇಲೆ ಪದ್ಯ ಬರೆದು, ಪಾದ್ರಿಯ ಅಂಗಿ ಕಟುಕನ ಮನೆಗೆ ಹೋಗಿತ್ತು. ಕಾಲುಚೀಲದ ಗಿರಣಿ ಸೇರಿದರೆ ಆ ಹುಚ್ಚು ಬಿಡುತ್ತದೆಂದುಕೊಂಡೆ. ನೀನು ಅಲ್ಲಿ ಮುಷ್ಕರಕ್ಕೇ ಪದ್ಯ ಕಟ್ಟಿದೆ. ಕೆಲಸ ಹೋಯಿತು, ಪತ್ರಿಕೆ ಬಂತು. ಹುಡುಗರನ್ನು ಬಲವಂತವಾಗಿ ಯುದ್ಧಕ್ಕೆ ಒಯ್ಯುವುದರ ಮೇಲೆ ಒಂದು ಪುಟ ಬರೆದೆ, ಜೈಲೂ ಬಂತು. ಸರ್ಕಾರ ಇಷ್ಟು ಹೆದರುವಂಥದ್ದು ಪದ್ಯದೊಳಗೆ ಏನಿರುತ್ತದೆ ಎಂದು ನೋಡುವ ಆಸೆ ನನಗೆ.

ಈಗ ಮುಖ್ಯ ಸುದ್ದಿ. ನೀನು ಜೈಲಿನಿಂದ ಕಳಿಸಿದ ಕವಿತೆ ತಲುಪಿತು. ಭಾನುವಾರ ಪತ್ರಿಕೆಯವರೆಲ್ಲರೂ ಸೇರಿದ್ದರು. ನೀನು ಮಾಡಿಟ್ಟ ಪದ್ಧತಿಯಂತೆಯೇ ನಡೆಯಿತು. ಹೆಡ್‌ವಿಗ್ ಎಲ್ಲ ಕವಿತೆಗಳನ್ನೂ ಟೈಪು ಮಾಡಿ, ಬರೆದವರ ಹೆಸರು ಕಾಣದಂತೆ ಮಡಚಿ ಪಿನ್ನು ಚುಚ್ಚಿ, ಗಟ್ಟಿಯಾಗಿ ಓದಿದಳು. ಹಿಡಿಸಿದವರು ಕೈ ಎತ್ತಬೇಕು, ಅರ್ಧಕ್ಕಿಂತ ಹೆಚ್ಚು ಕೈ ಎದ್ದರಷ್ಟೇ ಅಚ್ಚಿಗೆ. ಅಡುಗೆಮನೆ ಅಮ್ಮನದು, ಅವಳಿಗೂ ಒಂದು ಓಟು ಇರಲಿ ಎಂದು ನೀನೇ ಬರೆದಿದ್ದೆಯಲ್ಲ, ಹಾಗಾಗಿ ನಾನೂ ಕೂತಿದ್ದೆ. ಕಿಟಕಿಯ ಬಳಿ ಮಗಳಿಗಾಗಿ ಅಳುವ ತಾಯಿಯ ಕವಿತೆ ಬಂದಾಗ ಚಿತ್ರ ಬರೆಯುವ ರೂಫಸ್ ಪೈಪು ಕೆಳಗಿಟ್ಟು, “ಯಾರೋ ಪಾಪ, ಮನಸ್ಸಿಟ್ಟು ಬರ್ದಿದಾರೆ. ಆದ್ರೆ ಉಪ್ಪು ಜಾಸ್ತಿ ಆಯ್ತು” ಎಂದ. ಕೈ ಎತ್ತಿದವರು ಇಬ್ಬರೇ. ಹೆಡ್‌ವಿಗ್ ಮುಖದಲ್ಲಿ ಏನೂ ತೋರಿಸದೆ ಪಿನ್ನು ಬಿಚ್ಚಿ ನಿನ್ನ ಹೆಸರು ಓದಿದಳು. ಜೈಲಿನವರು ಪಾಸು ಮಾಡಿದ್ದನ್ನು ನಿನ್ನವರೇ ಫೇಲು ಮಾಡಿದ್ದರು.

ರೂಫಸ್ ಬೆವರಿಹೋದ. “ಅವ್ಳು ಒಳಗಿದಾಳೆ, ಸುಮ್ನೆ ಹಾಕ್ಬಿಡೋಣ. ಕೈ ಲೆಕ್ಕ ಯಾರಿಗೆ ಗೊತ್ತಾಗತ್ತೆ?” ಎಂದ. “ಅವ್ಳಿಗೇ ಗೊತ್ತಾಗತ್ತೆ” ಎಂದಳು ಹೆಡ್‌ವಿಗ್. ಈ ಸಂಚಿಕೆಯಲ್ಲಿ ನಿನ್ನ ಕವಿತೆ ಇಲ್ಲದಿದ್ದರೆ ಡೆಲಿಯಾ ಗ್ಯಾರಿಟಿ ಜೈಲಿಗೆ ಸೋತಳೆಂದು ಊರೆಲ್ಲ ಆಡಿಕೊಳ್ಳುತ್ತದೆ. ಹಾಕಿದರೆ ನಿನ್ನ ಪದ್ಧತಿ ಮುರಿಯುತ್ತದೆ. ಇಬ್ಬರೂ ಜಗಳವಾಡಿ ನನ್ನ ಬ್ರೆಡ್ಡನ್ನೆಲ್ಲ ತಿಂದು, ಕೊನೆಗೆ ನಿನ್ನನ್ನೇ ಕೇಳಲು ನನಗೆ ಒಪ್ಪಿಸಿದರು. ಮುಂದಿನ ವಾರ ಅಚ್ಚಿಗೆ ಹೋಗಬೇಕು. ಬೇಗ ಉತ್ತರಿಸು.

ಪಕ್ಕದ ಮನೆಯವರೆಲ್ಲ ನಿನ್ನನ್ನು ಕೇಳುತ್ತಿರುತ್ತಾರೆ. ದೇವರು ನಿನ್ನ ತಲೆ ಕಾಯಲಿ, ಅದು ಬಗ್ಗುವಂಥದ್ದಲ್ಲವೆಂದು ಅವನಿಗೂ ಗೊತ್ತು.

ನಿನ್ನ ಅಮ್ಮ,
ಆನರಾ

ಮರೆತಿದ್ದೆ: ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಎರಡನೇ ಸಾಲಿಗೇ ಅದು ನಿನ್ನದೆಂದು ನನಗೆ ಗೊತ್ತಾಯಿತು. ಆದರೂ ನಾನು ಕೈ ಎತ್ತಲಿಲ್ಲ. ನಿನ್ನನ್ನು ಹಿಡಿದುಕೊಂಡು ಹೋದ ದಿನ ನಾನು ಕಿಟಕಿಯ ಬಳಿ ಅಳಲಿಲ್ಲ ಡೆಲಿಯಾ. ಒದ್ದೆ ಕೈಯಲ್ಲೇ ಓಡಿಬಂದು ಪೊಲೀಸ್ ಗಾಡಿಯ ಸರಳು ಹಿಡಿದು, “ಇವಳನ್ನ ಯಾವಾಗ ವಾಪಸ್ ತಂದ್ಕೊಡ್ತೀರಿ?” ಎಂದು ಪಾತ್ರೆ ಎರವಲು ಕೊಟ್ಟವಳಂತೆ ಕೇಳಿದೆ. ನೀನು ನಕ್ಕಿದ್ದೆ. ಅದನ್ನು ಮರೆಯುವವಳಲ್ಲ ನೀನು. ಹಾಗಾದರೆ ಆ ಕವಿತೆಯಲ್ಲಿ ಅಳುತ್ತಿರುವುದು ಯಾರು? ನೀನೇ ಆದರೆ, ಆ ತಾಯಿಯನ್ನು ತೆಗೆದು ನಿನ್ನನ್ನೇ ಇಟ್ಟು ಮತ್ತೆ ಬರೆದು ಕಳಿಸು. ಎರಡೂ ಕೈ ಎತ್ತುತ್ತೇನೆ.