ಅಚ್ಚಿನಲ್ಲಿ ಕಚ್ಚಿಕೊಂಡ ತೋಟಾ

ವರ್ನ್,

ಬಂದೂಕಿನ ತೋಟಾ ತುಂಬುವ ಪ್ರೆಸ್ ಕೆಟ್ಟಿಲ್ಲ. ಖಾಲಿ ತೋಟಾಗೆ ಎಣ್ಣೆ ಸವರುವುದನ್ನು ಮರೆತು ಒತ್ತಿದ್ದೀಯ, ಅದು ಅಚ್ಚಿನೊಳಗೆ ಕಚ್ಚಿಕೊಂಡಿತ್ತು. ಬಿಡಿಸಿ, ಅಚ್ಚನ್ನು ಒರೆಸಿಟ್ಟಿದ್ದೇನೆ. ಇನ್ನೊಮ್ಮೆ ಪ್ರೆಸ್ಸಿನ ಹಿಡಿಗೆ ಜೋತುಬೀಳಬೇಡ ಮಾರಾಯ, ಮುರಿದೇ ಹೋಗುತ್ತದೆ.

ಸಿಡಿಮದ್ದಿನ ಡಬ್ಬಿ ಕಪಾಟಿನಲ್ಲೇ ಇರಲಿ. ಗಣಿಯ ರಾತ್ರಿಪಾಳಿ ಮುಗಿಸಿ ಬಂದು ತೂಕಡಿಸುತ್ತಾ ಮದ್ದು ತೂಗಬೇಡ.

ಭಾನುವಾರ ಇಬ್ಬರಿಗೂ ರಜೆ. ಮೊದಲಿನ ಹಾಗೆ ಪಕ್ಕಪಕ್ಕ ಕೂತು ತುಂಬೋಣ. “ಬೇಟೆ ಶುರುವಾಗೋದ್ರೊಳಗೆ ಮುಗಿಸ್ಬೇಕು ಕಣೇ” ಅಂತ ಅವಸರ ಮಾಡಬೇಡ. ಈ ವರ್ಷ ಎಲ್ಕ್ ಜಿಂಕೆ ಸಿಗದಿದ್ದರೆ ಹೋಗಲಿ.

ಆಸ್ಪತ್ರೆಯ ಕೆಲಸಕ್ಕೆ ಹೊತ್ತಾಯಿತು. ನೀನು ಬರುವಷ್ಟರಲ್ಲಿ ಹಾಸಿಗೆಯಲ್ಲಿ ನಿನ್ನ ಜಾಗ ಇನ್ನೂ ಬೆಚ್ಚಗಿರಬಹುದು. ಈಚೆಗೆ ನಾನು ಅಲ್ಲೇ ಮಲಗುತ್ತೇನೆ.

ಮಾರ್ಲಿಸ್