ಕತ್ತಿನ ಮೇಲೆ ಸೀಮೆಸುಣ್ಣ

ಪುಟ್ಟಿಯ ಅಮ್ಮನಿಗೆ,

ತುರಿಕೆಯೊಂದನ್ನು ಬಿಟ್ಟರೆ ನಾನು ಕ್ಷೇಮ. ಇಲ್ಲಿನ ಒಣ ಚಳಿಗೆ ಮೈಯೆಲ್ಲ ತರಗೆಲೆಯಂತಾಗಿದೆ. ಹೊಲಿಗೆ ಅಂಗಡಿಯಲ್ಲಿ ನಾವೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದ ಕೈಯಲ್ಲೇ ಪರಪರ ಕೆರೆದುಕೊಳ್ಳುತ್ತೇವೆ. ನಿನ್ನೆ ನಮ್ಮ ಮಾಸ್ಟರರ ಕತ್ತಿನ ತುಂಬ ಬಿಳಿ ಗೆರೆ ಕಂಡ ಗಿರಾಕಿಯೊಬ್ಬರು, "ಏನ್ರೀ, ಇವರನ್ನೂ ಕತ್ತರಿಸೋಕೆ ಗುರುತು ಹಾಕಿದ್ದೀರಾ?" ಎಂದು ಕೇಳಿಯೇಬಿಟ್ಟರು.

ಕೊನೆಗೆ ನರ್ಸಮ್ಮನ ಹತ್ತಿರ ಹೋದೆ. "ಸುಡೋ ನೀರು ಹುಯ್ಕೊಂಡು ಸೋಪು ಉಜ್ಜಿದ್ರೆ ಚರ್ಮದ ಜಿಡ್ಡೆಲ್ಲ ಹೋಗುತ್ತೆ. ಆಮೇಲೆ ಕಡಿತ ಬರದೆ ಇರುತ್ತಾ? ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಮೈ ಇನ್ನೂ ಹಸಿ ಇರುವಾಗ್ಲೇ ಮುಲಾಮು ಹಚ್ಚಿ" ಎಂದು ಗದರಿದರು. ಹಬೆಯಾಡದ ನೀರಲ್ಲಿ ಮಿಂದರೆ ಅದು ಸ್ನಾನವೇ ಅಲ್ಲ ಎಂದು ನನಗೆ ಕಲಿಸಿದ ಮಹಾತಾಯಿ ಯಾರೆಂದು ನಾನು ಹೇಳಲಿಲ್ಲ. ನಿನ್ನ ಮಾನ ಉಳಿಸಿದ್ದೇನೆ.

ಈಗ ಕೈಕಾಲು ವಾಸಿ. ಬೆನ್ನಿನ ನಡುವೆ ಮಾತ್ರ ನನ್ನ ಕೈ ಎಟಕುವುದಿಲ್ಲ. ಮಾಸ್ಟರ್ ಹಚ್ಚಿಕೊಡುತ್ತೇನೆಂದರು, ಬೇಡವೆಂದೆ. ಅಷ್ಟು ಜಾಗ ನಿನ್ನ ನೆನಪಿಗೆ ತುರಿಸುತ್ತಿರಲಿ.

ಅಂಚೆಯಣ್ಣಾ, ಓದಿದ್ದು ಸಾಕು, ಕಾರ್ಡು ಒಳಗೆ ಕೊಡಿ.

ಪುಟ್ಟಿಯ ಅಪ್ಪ